ಮತ್ತೆ ಹಾಕಿದ ಹಳೆ ಪ್ರೋಗ್ರಾಂನಲ್ಲಿ 2011ರ ನಂತರದ ಲೆಕ್ಕವೇ ಇಲ್ಲ, ಎಲ್ಲಿ ಹೋಯಿತು?

ಪ್ರಶ್ನೆ: ಮನೆ ಖರ್ಚು, ಉಳಿತಾಯ, ಸಾಲ ಎಲ್ಲವನ್ನೂ ಇಪ್ಪತ್ತು ವರ್ಷದಿಂದ ಒಂದೇ ಹಳೆಯ ಪ್ರೋಗ್ರಾಂನಲ್ಲಿ ಬರೆದಿಡುತ್ತಿದ್ದೇನೆ. ಮೊದಲು ವಿಂಡೋಸ್ ಎಕ್ಸ್‌ಪಿಯಲ್ಲಿತ್ತು. 2011ರಲ್ಲಿ ವಿಂಡೋಸ್ 7 ಕಂಪ್ಯೂಟರ್ ತಂದಾಗ ಸಿಡಿಯಿಂದ ಹಾಕಿಕೊಂಡು, ಹಳೆ ಫೋಲ್ಡರನ್ನು ಅದರ ಮೇಲೆಯೇ ನಕಲಿಸಿದ್ದೆ. ಚೆನ್ನಾಗಿ ನಡೆಯುತ್ತಿತ್ತು. ಅದೇ ಕಂಪ್ಯೂಟರನ್ನು ವಿಂಡೋಸ್ 10ಕ್ಕೆ ಏರಿಸಿದ ಮೇಲೆ ಪ್ರೋಗ್ರಾಂ ತೆರೆಯಲೇ ಇಲ್ಲ. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕಲು ಹೋದರೆ ಅರ್ಧಕ್ಕೆ ಬಂದು 1603 ಎಂಬ ದೋಷ ತೋರಿಸಿ ನಿಂತಿತು. ಹೇಗೋ ಒಂದು ಸಲ ಪೂರ್ತಿ ಕೂತಿತು. ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ ಎಂದು ಪರಿಚಯದವರು ಹೇಳಿದರು. ಹಾಗೆ ತೆರೆದರೆ 2011ರ ತನಕದ ಲೆಕ್ಕ ಮಾತ್ರ ಇದೆ. ಉಳಿದದ್ದು ಅಳಿಸಿಹೋಯಿತೇ? ಮುಂದೆಯೂ ಇದನ್ನೇ ಬಳಸಬಹುದೇ?

ಉತ್ತರ: ಅಳಿಸಿಹೋಗಿಲ್ಲ ಅನ್ನುವುದಕ್ಕೇ ಜಾಸ್ತಿ ಸಾಧ್ಯತೆ ಇದೆ. ನೀವು ಬರೆದ ಎರಡು ವಿವರ, ಅಂದರೆ 2011ಕ್ಕೆ ಸರಿಯಾಗಿ ಲೆಕ್ಕ ನಿಂತಿರುವುದು ಮತ್ತು ಅಡ್ಮಿನಿಸ್ಟ್ರೇಟರ್ ಆಗಿ ತೆರೆದದ್ದು, ಒಂದಕ್ಕೊಂದು ಸೇರಿ ಕಾರಣವನ್ನು ಹೇಳಿಬಿಡುತ್ತವೆ. ಅದಕ್ಕೆ ಬರುತ್ತೇನೆ. ಅದಕ್ಕೂ ಮೊದಲು ಒಂದು ಮಾತು: ಈ ಕ್ಷಣದಿಂದ ಆ ಪ್ರೋಗ್ರಾಂ ತೆರೆಯಬೇಡಿ. ಹೊಸ ನಮೂದು ಹಾಕಬೇಡಿ, ಇನ್ನೊಮ್ಮೆ ಅನ್‌ಇನ್‌ಸ್ಟಾಲ್ ಮಾಡಬೇಡಿ, ಡಿಸ್ಕ್ ಕ್ಲೀನಪ್ ಓಡಿಸಬೇಡಿ. ಪ್ರೋಗ್ರಾಂ ಇವತ್ತಲ್ಲ ನಾಳೆ ಮತ್ತೆ ಸಿಗುತ್ತದೆ. ಲೆಕ್ಕದ ಫೈಲ್ ಮಾತ್ರ ಜಗತ್ತಿನಲ್ಲಿ ನಿಮ್ಮ ಹತ್ತಿರ ಬಿಟ್ಟು ಬೇರೆಲ್ಲೂ ಇಲ್ಲ. ಇಂಥ ತೊಂದರೆಯಲ್ಲಿ ಎಲ್ಲರೂ ಪ್ರೋಗ್ರಾಂ ಹಿಂದೆ ಬೀಳುತ್ತಾರೆ, ಫೈಲನ್ನು ಕೊನೆಗೆ ನೋಡೋಣ ಅಂತ ಬಿಡುತ್ತಾರೆ. ಅದನ್ನು ತಿರುಗಿಸಿಕೊಳ್ಳಿ.

ಈಗ ಕಾರಣ. ಎಕ್ಸ್‌ಪಿ ಕಾಲದ ಎಷ್ಟೋ ಪ್ರೋಗ್ರಾಂಗಳು ತಮ್ಮ ಲೆಕ್ಕದ ಫೈಲನ್ನು ತಾವಿರುವ ಫೋಲ್ಡರ್‌ನಲ್ಲೇ, ಅಂದರೆ ಪ್ರೋಗ್ರಾಂ ಫೈಲ್ಸ್ ಒಳಗೇ ಇಟ್ಟುಕೊಳ್ಳುತ್ತಿದ್ದವು. ಆಗ ಮನೆಯ ಕಂಪ್ಯೂಟರ್‌ನಲ್ಲಿ ಎಲ್ಲರೂ ಅಡ್ಮಿನಿಸ್ಟ್ರೇಟರೇ, ಅದಕ್ಕೆ ಯಾರಿಗೂ ತೊಂದರೆ ಕಾಣಲಿಲ್ಲ. ವಿಂಡೋಸ್ ವಿಸ್ಟಾದಿಂದ ಈಚೆಗೆ ಪ್ರೋಗ್ರಾಂ ಫೈಲ್ಸ್ ಒಳಗೆ ಸುಮ್ನೆ ಬರೆಯಲು ಬಿಡುವುದಿಲ್ಲ. ಹಾಗಂತ ಹಳೆ ಪ್ರೋಗ್ರಾಂಗಳೆಲ್ಲ ಒಂದೇ ದಿನದಲ್ಲಿ ನಿಂತುಹೋದರೆ ಜನ ಬಯ್ಯುತ್ತಾರಲ್ಲ. ಅದಕ್ಕೆ ಮೈಕ್ರೋಸಾಫ್ಟ್‌ನವರು ಒಂದು ಉಪಾಯ ಮಾಡಿದರು. ಹಳೆ ಪ್ರೋಗ್ರಾಂ ಅಲ್ಲಿ ಬರೆಯಲು ಹೋದಾಗ ಆ ಫೈಲಿನ ನಕಲೊಂದನ್ನು ಬಳಕೆದಾರರ ಸ್ವಂತ ಜಾಗದಲ್ಲಿ ಮಾಡಿ, ಅಲ್ಲಿ ಬರೆಯುವ ಹಾಗೆ ತಿರುಗಿಸಿಬಿಟ್ಟರು. ಮನೆ ಬದಲಿಸಿದವರ ಕಾಗದವನ್ನು ಅಂಚೆಯವರು ಸದ್ದಿಲ್ಲದೆ ಹೊಸ ವಿಳಾಸಕ್ಕೆ ಮುಟ್ಟಿಸಿದ ಹಾಗೆ. ಪ್ರೋಗ್ರಾಂಗೆ ಇದು ಗೊತ್ತೇ ಆಗುವುದಿಲ್ಲ. ತಾನು ಹಳೆ ಜಾಗದಲ್ಲೇ ಬರೆಯುತ್ತಿದ್ದೇನೆ ಅಂದುಕೊಂಡಿರುತ್ತದೆ.

ಆ ಹೊಸ ಜಾಗದ ಹೆಸರು ವರ್ಚುವಲ್‌ಸ್ಟೋರ್. ನಿಮ್ಮ ವಿಷಯದಲ್ಲಿ ಆಗಿರುವುದು ಹೀಗಿರಬೇಕು: 2011ರಲ್ಲಿ ನೀವು ನಕಲಿಸಿ ತಂದ ಫೈಲ್ ಪ್ರೋಗ್ರಾಂ ಫೈಲ್ಸ್‌ನಲ್ಲಿ ಕೂತಿತು. ಮೊದಲ ನಮೂದು ಹಾಕಿದ ದಿನವೇ ಅದರ ನಕಲು ವರ್ಚುವಲ್‌ಸ್ಟೋರ್‌ಗೆ ಹೋಯಿತು. ಅಲ್ಲಿಂದ ಮುಂದಿನ ಲೆಕ್ಕವೆಲ್ಲ ಆ ನಕಲಿಗೇ ಸೇರುತ್ತ ಬಂತು. ಮೂಲ ಫೈಲ್ ಮಾತ್ರ 2011ರಲ್ಲೇ ನಿಂತಿತು. ಅನ್‌ಇನ್‌ಸ್ಟಾಲ್ ಮಾಡಿದಾಗಲೂ ಅದು ಹೋಗಲಿಲ್ಲ, ಯಾಕೆಂದರೆ ಅದು ಸೆಟಪ್ ಹಾಕಿದ ಫೈಲ್ ಅಲ್ಲ. ಈಗ ನೀವು ಅಡ್ಮಿನಿಸ್ಟ್ರೇಟರ್ ಆಗಿ ತೆರೆದಿರಿ. ಹಾಗೆ ತೆರೆದ ಪ್ರೋಗ್ರಾಂಗೆ ಈ ತಿರುಗಿಸುವ ವ್ಯವಸ್ಥೆ ಅನ್ವಯಿಸುವುದಿಲ್ಲ. ಅದು ನೇರವಾಗಿ ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಮೂಲ ಫೈಲನ್ನೇ ತೆರೆದು ತೋರಿಸಿತು.

ಅಡ್ಮಿನಿಸ್ಟ್ರೇಟರ್ ಆಗಿ ತೆರೆಯಿರಿ ಅನ್ನುವುದು ಎಲ್ಲ ರೋಗಕ್ಕೂ ಒಂದೇ ಮದ್ದು ಅನ್ನುವ ಹಾಗೆ ಓಡಾಡುತ್ತಿರುವ ಸಲಹೆ. ಸೆಟಪ್ ಓಡಿಸುವಾಗ ಅದು ಸರಿ. ದಿನನಿತ್ಯ ಪ್ರೋಗ್ರಾಂ ತೆರೆಯಲು ಬೇಡವೇ ಬೇಡ.

ಫೈಲ್ ಹುಡುಕಲು ಫೈಲ್ ಎಕ್ಸ್‌ಪ್ಲೋರರ್ ತೆರೆದು, ವ್ಯೂ ಮೆನುವಿನಲ್ಲಿ ಅಡಗಿದ ಫೈಲ್‌ಗಳನ್ನೂ ಫೈಲ್ ಹೆಸರಿನ ಬಾಲವನ್ನೂ (ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಅಕ್ಷರಗಳು) ತೋರಿಸುವ ಎರಡೂ ಆಯ್ಕೆಗಳಿಗೆ ಗುರುತು ಹಾಕಿ. ಆಮೇಲೆ ಸಿ ಡ್ರೈವ್, ಅದರೊಳಗೆ ಯೂಸರ್ಸ್, ನಿಮ್ಮ ಹೆಸರಿನ ಫೋಲ್ಡರ್, ಆಪ್‌ಡೇಟಾ, ಲೋಕಲ್, ವರ್ಚುವಲ್‌ಸ್ಟೋರ್ ಹೀಗೆ ಇಳಿಯುತ್ತಾ ಹೋಗಿ. ಒಳಗೆ ಪ್ರೋಗ್ರಾಂ ಫೈಲ್ಸ್ ಎಂಬ ಫೋಲ್ಡರ್ ಕಾಣುತ್ತದೆ. 64 ಬಿಟ್ ವಿಂಡೋಸ್ ಆದರೆ ಹೆಸರಿನ ಮುಂದೆ ಎಕ್ಸ್86 ಅಂತಲೂ ಇರುತ್ತದೆ. ಅದರೊಳಗೆ ನಿಮ್ಮ ಪ್ರೋಗ್ರಾಂ ಹೆಸರಿನ ಫೋಲ್ಡರ್. ಅಲ್ಲಿರುವ ಲೆಕ್ಕದ ಫೈಲಿನ ಕೊನೆಯ ಬದಲಾವಣೆಯ ದಿನಾಂಕ ಮತ್ತು ಗಾತ್ರ ನೋಡಿ. ದಿನಾಂಕ ಈಚಿನದಾಗಿದ್ದು, ಗಾತ್ರ ಪ್ರೋಗ್ರಾಂ ಫೈಲ್ಸ್‌ನಲ್ಲಿರುವ ಫೈಲಿಗಿಂತ ದೊಡ್ಡದಿದ್ದರೆ ನಿಮ್ಮ ಲೆಕ್ಕ ಸಿಕ್ಕಿತು ಅಂತಲೇ ಅರ್ಥ.

ವರ್ಚುವಲ್‌ಸ್ಟೋರ್ ಪ್ರತಿ ಬಳಕೆದಾರರಿಗೂ ಬೇರೆ ಬೇರೆ. ಒಂದೇ ಕಂಪ್ಯೂಟರ್‌ನಲ್ಲಿ ನಿಮ್ಮದೊಂದು, ಮನೆಯವರದೊಂದು ಲಾಗಿನ್ ಇದ್ದು ಇಬ್ಬರೂ ಲೆಕ್ಕ ಬರೆದಿದ್ದರೆ ಎರಡು ನಕಲುಗಳಿರುತ್ತವೆ, ಎರಡರಲ್ಲೂ ಅರ್ಧರ್ಧ ಲೆಕ್ಕ ಇರುತ್ತದೆ. ಇನ್ನೊಬ್ಬರ ಫೋಲ್ಡರನ್ನೂ ನೋಡಿಬಿಡಿ.

ಅಲ್ಲಿ ಸಿಗಲಿಲ್ಲ ಅಂದರೆ ಇನ್ನೂ ಎರಡು ಜಾಗ ಇವೆ. ಒಂದು, ಸಿ ಡ್ರೈವ್‌ನಲ್ಲಿ ವಿಂಡೋಸ್.ಓಲ್ಡ್ ಎಂಬ ಫೋಲ್ಡರ್. ಹೊಸ ವಿಂಡೋಸ್‌ಗೆ ಏರಿಸಿದಾಗ ಹಳೆಯದನ್ನು ಅಲ್ಲಿ ಎತ್ತಿಡುತ್ತದೆ. ಆದರೆ ವಿಂಡೋಸ್ 10 ಅದನ್ನು ಸಾಮಾನ್ಯವಾಗಿ 10 ದಿನಕ್ಕೆ ತಾನೇ ಅಳಿಸುತ್ತದೆ, ಹಾಗಾಗಿ ತಡ ಮಾಡಬೇಡಿ. ಎರಡು, ಪ್ರೋಗ್ರಾಂ ತಾನೇ ತೆಗೆದಿಟ್ಟ ಬ್ಯಾಕಪ್. ಮುಚ್ಚುವಾಗ ಬ್ಯಾಕಪ್ ತೆಗೆಯಲೇ ಅಂತ ಕೇಳುತ್ತಿತ್ತಲ್ಲ, ನಾವೆಲ್ಲ ಬೇಸರದಿಂದಲೇ ಸರಿ ಅಂತ ಒತ್ತುತ್ತಿದ್ದೆವಲ್ಲ, ಅದು ಈಗ ಕೈ ಹಿಡಿಯಬಹುದು. ನಿಮ್ಮದು ಮೈಕ್ರೋಸಾಫ್ಟ್ ಮನಿ ಎಂಬ ಮನೆ ಲೆಕ್ಕದ ಪ್ರೋಗ್ರಾಂ ಆದರೆ ಬ್ಯಾಕಪ್ ಫೈಲಿನ ಬಾಲ .ಎಂಬಿಎಫ್, ಮೂಲ ಫೈಲಿನದು .ಎಂಎನ್‌ವೈ. ಅಂಥದ್ದೇ ಇನ್ನೊಂದು ಪ್ರೋಗ್ರಾಂ ಕ್ವಿಕನ್ ಆದರೆ .ಕ್ಯೂಡಿಎಫ್.

ನೀವು ಯಾವ ಪ್ರೋಗ್ರಾಂ ಅಂತ ಬರೆದಿಲ್ಲ. ಇಂಥ ಪ್ರಶ್ನೆಗಳಲ್ಲಿ ಸಾಮಾನ್ಯವಾಗಿ ಇವೆರಡರಲ್ಲಿ ಒಂದು ಇರುತ್ತದೆ, ಅದಕ್ಕೆ ಎರಡನ್ನೂ ಮನಸ್ಸಿನಲ್ಲಿಟ್ಟು ಬರೆಯುತ್ತಿದ್ದೇನೆ.

ಕ್ವಿಕನ್ ಬಳಸುವವರು ಗಮನಿಸಬೇಕಾದ ವಿಷಯ ಒಂದಿದೆ. 2010ರ ಆವೃತ್ತಿಗಿಂತ ಹಿಂದೆ ಲೆಕ್ಕ ಒಂದೇ ಫೈಲಿನಲ್ಲಿ ಇರುತ್ತಿರಲಿಲ್ಲ. ಒಂದೇ ಹೆಸರು, ಬೇರೆ ಬೇರೆ ಬಾಲ ಇರುವ ಫೈಲ್‌ಗಳ ಗುಂಪೇ ಇರುತ್ತಿತ್ತು: .ಕ್ಯೂಡಿಎಫ್, .ಕ್ಯೂಇಎಲ್, .ಕ್ಯೂಪಿಎಚ್, .ಕ್ಯೂಎಸ್‌ಡಿ ಹೀಗೆ. ಫೈಲ್ ಹೆಸರಿನ ಬಾಲ ಮುಚ್ಚಿಟ್ಟಿರುವ ವಿಂಡೋಸ್‌ನಲ್ಲಿ ಇವೆಲ್ಲ ಕ್ಯೂಡೇಟಾ, ಕ್ಯೂಡೇಟಾ, ಕ್ಯೂಡೇಟಾ ಅಂತ ಒಂದೇ ಹೆಸರಿನಲ್ಲಿ ಸಾಲಾಗಿ ಕಾಣುತ್ತವೆ. ಒಂದಿದ್ದರೆ ಸಾಕಲ್ವಾ ಅಂತ ಮೊದಲನೆಯದನ್ನು ಮಾತ್ರ ನಕಲಿಸಿ, ಆಮೇಲೆ ಷೇರುಗಳ ಬೆಲೆಯ ಇತಿಹಾಸವೋ ಇನ್ನೊಂದೋ ಕಾಣೆಯಾಯಿತು ಅಂತ ಪೇಚಾಡಿದವರಿದ್ದಾರೆ. ಒಂದೇ ಹೆಸರಿನವು ಎಷ್ಟಿವೆಯೋ ಅಷ್ಟನ್ನೂ ಒಟ್ಟಿಗೆ ತೆಗೆದುಕೊಳ್ಳಿ. ಯಾವುದು ಬೇಕು ಯಾವುದು ಬೇಡ ಅಂತ ಆರಿಸಲು ಕೂರಬೇಡಿ.

ಸಿಕ್ಕಿದ್ದನ್ನು ಎರಡು ಕಡೆ ನಕಲಿಸಿ. ಒಂದು ಪ್ರತಿ ಪೆನ್ ಡ್ರೈವ್‌ಗೆ, ಅದನ್ನು ಕಳಚಿ ಪಕ್ಕಕ್ಕಿಡಿ. ಅದನ್ನು ಯಾವತ್ತೂ ನೇರವಾಗಿ ತೆರೆಯಬೇಡಿ. ಇನ್ನೊಂದು ಪ್ರತಿ ಕೆಲಸಕ್ಕೆ. ಸಿ ಡ್ರೈವ್‌ನಲ್ಲೇ ಲೆಕ್ಕ ಅಂತ ಹೊಸ ಫೋಲ್ಡರ್ ಮಾಡಿ ಅದರಲ್ಲಿ ಇಡಿ. ಫೋಲ್ಡರ್ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಕೊಡಿ. ಹಳೆ ಪ್ರೋಗ್ರಾಂಗಳು ಯೂನಿಕೋಡ್ ಅರಿಯದವು, ಕನ್ನಡ ಹೆಸರಿನ ಫೋಲ್ಡರ್ ಕಂಡರೆ ಪ್ರಶ್ನಾರ್ಥಕ ಚಿಹ್ನೆ ತೋರಿಸಿ ಕೈ ಚೆಲ್ಲುತ್ತವೆ. ಡಾಕ್ಯುಮೆಂಟ್ಸ್ ಫೋಲ್ಡರ್ ಯಾಕೆ ಬೇಡ ಅಂದರೆ, ಈಗಿನ ಕಂಪ್ಯೂಟರ್‌ಗಳಲ್ಲಿ ಅದು ಎಷ್ಟೋ ಸಲ ಒನ್‌ಡ್ರೈವ್‌ಗೆ, ಅಂದರೆ ಫೈಲ್‌ಗಳನ್ನು ಇಂಟರ್‌ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್‌ನ ಸೇವೆಗೆ, ಜೋಡಣೆಯಾಗಿರುತ್ತದೆ. ಪ್ರೋಗ್ರಾಂ ಲೆಕ್ಕದ ಫೈಲನ್ನು ತೆರೆದು ಬರೆಯುತ್ತಿರುವಾಗಲೇ ಒನ್‌ಡ್ರೈವ್ ಅದನ್ನು ಮೇಲಕ್ಕೆ ಕಳಿಸಲು ಹೊರಟರೆ ಒಬ್ಬರ ಕೈ ಇನ್ನೊಬ್ಬರ ಕೈಗೆ ತಾಕುತ್ತದೆ. ಡೇಟಾಬೇಸ್ ಜಾತಿಯ ಫೈಲಿಗೆ ಇದು ಒಳ್ಳೆಯದಲ್ಲ. ಕೆಲಸ ಮುಗಿಸಿ ಪ್ರೋಗ್ರಾಂ ಮುಚ್ಚಿದ ಮೇಲೆ ಬ್ಯಾಕಪ್ ಪ್ರತಿಯನ್ನು ಒನ್‌ಡ್ರೈವ್‌ಗೆ ಹಾಕಿದರೆ ತೊಂದರೆಯಿಲ್ಲ.

ಇನ್ನು ಪ್ರೋಗ್ರಾಂ ಅನ್ನು ಮಾಮೂಲಾಗಿ, ಅಂದರೆ ಅಡ್ಮಿನಿಸ್ಟ್ರೇಟರ್ ಆಗಿ ಅಲ್ಲದೆ, ತೆರೆದು ಫೈಲ್ ಮೆನುವಿನ ಓಪನ್ ಮೂಲಕ ಈ ಹೊಸ ಫೋಲ್ಡರ್‌ನಲ್ಲಿರುವ ಫೈಲನ್ನು ತೋರಿಸಿ. ಲೆಕ್ಕ ಇಲ್ಲಿಯವರೆಗಿನದೂ ಬಂದರೆ ಅರ್ಧ ಯುದ್ಧ ಮುಗಿಯಿತು. ತಿರುಗಿಸುವ ವ್ಯವಸ್ಥೆ ಇನ್ನೂ ನಡೆಯುತ್ತಿದೆಯೇ ಅಂತ ಕುತೂಹಲವಿದ್ದರೆ ಟಾಸ್ಕ್ ಮ್ಯಾನೇಜರ್‌ನ ಡೀಟೇಲ್ಸ್ ಪುಟದಲ್ಲಿ ಕಾಲಂ ತಲೆಯ ಮೇಲೆ ರೈಟ್ ಕ್ಲಿಕ್ ಮಾಡಿ ಯುಎಸಿ ವರ್ಚುವಲೈಸೇಶನ್ ಎಂಬ ಕಾಲಂ ಸೇರಿಸಿ ನೋಡಿ. ನಿಮ್ಮ ಪ್ರೋಗ್ರಾಂ ಎದುರು ಎನೇಬಲ್ಡ್ ಅಂತ ಇದ್ದರೆ ನಾನು ಹೇಳಿದ ಕಥೆ ಖಾತ್ರಿ.

ಇತ್ತೀಚೆಗೆ ಅಡ್ಮಿನಿಸ್ಟ್ರೇಟರ್ ಆಗಿ ತೆರೆದಾಗ ಹೊಸ ನಮೂದುಗಳನ್ನು ಹಾಕಿದ್ದೀರಾ? ಹಾಕಿದ್ದರೆ ಅವು 2011ರ ಹಳೆ ಫೈಲಿಗೆ ಸೇರಿವೆ. ಅವನ್ನು ಕಾಗದದಲ್ಲಿ ಬರೆದುಕೊಂಡು ಸರಿಯಾದ ಫೈಲಿಗೆ ಕೈಯಾರೆ ಹಾಕುವುದೇ ಮೇಲು. ಎರಡು ಫೈಲ್‌ಗಳನ್ನು ಕೂಡಿಸುವ ಸಾಹಸ ಬೇಡ.

ಈಗ 1603ರ ವಿಷಯ. ಈ ಸಂಖ್ಯೆಗೆ ಒಂದೇ ಅರ್ಥ ಇಲ್ಲ. ವಿಂಡೋಸ್ ಇನ್‌ಸ್ಟಾಲರ್ ಏನೋ ಎಡವಟ್ಟಾಗಿ ನಿಂತಿತು ಅನ್ನುವುದಷ್ಟೇ ಅದು. ಒಂದು ಮಾಮೂಲಿ ಕಾರಣ ಹಳೆ ಇನ್‌ಸ್ಟಾಲ್‌ನ ಪಳೆಯುಳಿಕೆ. ಅನ್‌ಇನ್‌ಸ್ಟಾಲ್ ಫೈಲ್‌ಗಳನ್ನು ತೆಗೆದಿರುತ್ತದೆ, ವಿಂಡೋಸ್ ತನ್ನ ದಾಖಲೆಗಳನ್ನಿಡುವ ರಿಜಿಸ್ಟ್ರಿಯಲ್ಲಿ ಮಾತ್ರ ಪ್ರೋಗ್ರಾಂ ಇನ್ನೂ ಇದೆ ಅಂತ ಉಳಿದಿರುತ್ತದೆ. ಸೆಟಪ್ ಬಂದು ನೋಡಿ ತಬ್ಬಿಬ್ಬಾಗುತ್ತದೆ. ಇನ್ನೊಂದು ಕಾರಣ ಅನುಮತಿ. ಪ್ರೋಗ್ರಾಂ ಹಾಕಬೇಕಾದ ಫೋಲ್ಡರ್ ಮೇಲೆ ಸಿಸ್ಟಂ ಎಂಬ ವಿಂಡೋಸ್‌ನ ಒಳಗಿನ ಖಾತೆಗೆ ಪೂರ್ತಿ ಅಧಿಕಾರ ಇಲ್ಲದಿದ್ದರೂ 1603 ಬರುತ್ತದೆ. ಫೋಲ್ಡರ್ ಎನ್‌ಕ್ರಿಪ್ಟ್ ಆಗಿದ್ದರೂ ಬರುತ್ತದೆ. ನೀವು ಹಳೆ ಕಂಪ್ಯೂಟರ್‌ನಿಂದ ಫೋಲ್ಡರನ್ನೇ ಎತ್ತಿ ತಂದು ಮೇಲೆ ನಕಲಿಸಿದ್ದರಿಂದ ಈ ಅನುಮತಿಯ ಗೊಂದಲವನ್ನೂ ತಳ್ಳಿಹಾಕುವ ಹಾಗಿಲ್ಲ.

ಹೀಗೆ ಮಾಡಿ. ಪ್ರೋಗ್ರಾಂ ಫೈಲ್ಸ್‌ನಲ್ಲಿ ಉಳಿದಿರುವ ಹಳೆ ಫೋಲ್ಡರ್‌ನ ಹೆಸರು ಬದಲಿಸಿ, ಕೊನೆಗೆ ಹಳೆಯದು ಅಂತ ಸೇರಿಸಿದರೂ ಸಾಕು. ಅಳಿಸಬೇಡಿ. ಮೈಕ್ರೋಸಾಫ್ಟ್‌ನವರದ್ದೇ ಇನ್‌ಸ್ಟಾಲ್ ಮತ್ತು ಅನ್‌ಇನ್‌ಸ್ಟಾಲ್ ತೊಂದರೆ ಬಿಡಿಸುವ ಟ್ರಬಲ್‌ಶೂಟರ್ ಅವರ ಸಪೋರ್ಟ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಅದನ್ನು ಓಡಿಸಿ ಪಟ್ಟಿಯಲ್ಲಿ ನಿಮ್ಮ ಪ್ರೋಗ್ರಾಂ ಆರಿಸಿದರೆ ಉಳಿದ ದಾಖಲೆ ತೆಗೆದುಹಾಕುತ್ತದೆ. ರಿಜಿಸ್ಟ್ರಿ ಕ್ಲೀನರ್ ಅಂತ ಬರುವ ಬೇರೆ ಸಾಧನಗಳನ್ನು ಮಾತ್ರ ಹಾಕಬೇಡಿ. ಒಂದು ಮುಳ್ಳು ತೆಗೆಯಲು ಹೋಗಿ ಹತ್ತು ಚುಚ್ಚಿಕೊಂಡ ಹಾಗೆ ಆಗುತ್ತದೆ. ಆಮೇಲೆ ಕಂಪ್ಯೂಟರನ್ನು ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಮಾಡಿ ಆನ್ ಮಾಡುವುದು ಇದಕ್ಕೆ ಸಾಟಿಯಲ್ಲ. ವಿಂಡೋಸ್ 10ರಲ್ಲಿ ಫಾಸ್ಟ್ ಸ್ಟಾರ್ಟಪ್ ಇರುವುದರಿಂದ ಶಟ್‌ಡೌನ್ ಮಾಡಿದರೂ ಒಳಗಿನ ಸ್ಥಿತಿ ಪೂರ್ತಿ ಹೊಸದಾಗುವುದಿಲ್ಲ, ರೀಸ್ಟಾರ್ಟ್‌ನಲ್ಲಿ ಆಗುತ್ತದೆ.

ಸಿಡಿಯಲ್ಲಿರುವುದನ್ನೆಲ್ಲ ಒಂದು ಫೋಲ್ಡರ್‌ಗೆ ನಕಲಿಸಿ ಅಲ್ಲಿಂದ ಸೆಟಪ್ ಓಡಿಸಿ. ಹಳೆ ಸಿಡಿ ನಡುವೆ ಎಲ್ಲೋ ಒಂದು ಕಡೆ ಓದಲಾಗದೆ ನಿಂತಿದ್ದರೆ ನಕಲಿಸುವಾಗಲೇ ಗೊತ್ತಾಗುತ್ತದೆ. ಹೇಗೋ ಒಂದು ಸಲ ಕೂತಿತು ಅಂತ ನೀವು ಬರೆದದ್ದು ನೋಡಿದರೆ ನನಗೆ ಸಿಡಿಯ ಮೇಲೂ ಸ್ವಲ್ಪ ಅನುಮಾನವಿದೆ.

ಇಷ್ಟಾದರೂ 1603 ಬಂದರೆ ಊಹೆ ಬಿಟ್ಟು ಲಾಗ್, ಅಂದರೆ ಸೆಟಪ್ ಹೆಜ್ಜೆ ಹೆಜ್ಜೆಗೂ ಏನು ಮಾಡಿತು ಅಂತ ಬರೆದಿಡುವ ಫೈಲ್, ನೋಡಬೇಕು. ಸಿಡಿಯಿಂದ ನಕಲಿಸಿದ ಫೈಲ್‌ಗಳಲ್ಲಿ .ಎಂಎಸ್‌ಐ ಬಾಲದ್ದೊಂದು ಇರುತ್ತದೆ. ಕಮಾಂಡ್ ಪ್ರಾಂಪ್ಟ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಂಎಸ್‌ಐಎಕ್ಸೆಕ್ ಎಂಬ ಆಜ್ಞೆ ಬರೆದು, ಸ್ಲ್ಯಾಷ್ ಐ ಜೊತೆ ಆ ಫೈಲಿನ ದಾರಿಯನ್ನೂ, ಸ್ಲ್ಯಾಷ್ ಎಲ್ ಸ್ಟಾರ್ ವಿ ಜೊತೆ ಲಾಗ್ ಬರೆಯಬೇಕಾದ ಫೈಲಿನ ಹೆಸರನ್ನೂ ಕೊಡಿ. ಮತ್ತೆ ಸೆಟಪ್ ನಿಂತಾಗ ಆ ಲಾಗನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಸಾವಿರಾರು ಸಾಲು ಇರುತ್ತದೆ, ಹೆದರಬೇಡಿ. ಹುಡುಕುವ ಪೆಟ್ಟಿಗೆಯಲ್ಲಿ ರಿಟರ್ನ್ ವ್ಯಾಲ್ಯೂ 3 ಅನ್ನುವುದನ್ನು ಇಂಗ್ಲಿಷ್‌ನಲ್ಲಿ ಬರೆದು ಹುಡುಕಿ. ಮೊದಲು ಸಿಗುವ ಜಾಗಕ್ಕಿಂತ ಸ್ವಲ್ಪ ಮೇಲಿನ ಸಾಲುಗಳಲ್ಲಿ ನಿಜವಾದ ಕಾರಣ ಇರುತ್ತದೆ: ಇಂಥ ಫೋಲ್ಡರ್‌ಗೆ ಬರೆಯಲಾಗಲಿಲ್ಲ, ಇಂಥ ಫೈಲ್ ಸಿಗಲಿಲ್ಲ ಅಂತ. ಯಾರಲ್ಲಾದರೂ ಸಹಾಯ ಕೇಳುವುದಿದ್ದರೂ 1603 ಬಂತು ಅನ್ನುವ ಬದಲು ಆ ಹತ್ತು ಸಾಲು ತೋರಿಸಿ. ಉತ್ತರ ಬೇಗ ಸಿಗುತ್ತದೆ.

ಇದನ್ನು ಓದುತ್ತಿರುವ ಬೇರೆಯವರಿಗೂ ಉಪಯೋಗವಾಗಲಿ ಅಂತ ಇನ್ನೆರಡು ತೊಂದರೆ ಹೇಳಿಬಿಡುತ್ತೇನೆ. ಸೆಟಪ್ ಮೇಲೆ ಕ್ಲಿಕ್ ಮಾಡಿದ ಕೂಡಲೇ ಈ ಆಪ್ ನಿಮ್ಮ ಕಂಪ್ಯೂಟರ್‌ನಲ್ಲಿ ಓಡುವುದಿಲ್ಲ ಅಂತ ಬಂದರೆ ಅದು 16 ಬಿಟ್‌ನ ಸೆಟಪ್ ಇರಬಹುದು. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂಗಳನ್ನು ಓಡಿಸುವುದೇ ಇಲ್ಲ. ವಿಂಡೋಸ್ 11ರಲ್ಲಿ 64 ಬಿಟ್ ಬಿಟ್ಟು ಬೇರೆ ಆವೃತ್ತಿಯೇ ಇಲ್ಲ. 1990ರ ದಶಕದ ಕೆಲವು ಪ್ರೋಗ್ರಾಂಗಳು ತಾವು 32 ಬಿಟ್ ಆಗಿದ್ದರೂ ಸೆಟಪ್ ಮಾತ್ರ 16 ಬಿಟ್‌ನದ್ದಾಗಿರುತ್ತಿತ್ತು. ಕಂಪ್ಯಾಟಿಬಿಲಿಟಿ ಮೋಡ್ ಹಾಕಿದರೂ ಇದು ಬಗೆಹರಿಯುವುದಿಲ್ಲ. ಇಂಥದ್ದಕ್ಕೆ ವರ್ಚುವಲ್ ಮಷಿನ್ನೇ (ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಾಲ್ಪನಿಕ ಕಂಪ್ಯೂಟರ್) ದಾರಿ, ಅದನ್ನು ಕೆಳಗೆ ಹೇಳಿದ್ದೇನೆ. ಇನ್ನೊಂದು, ಇಂಟರ್‌ನೆಟ್ ಎಕ್ಸ್‌ಪ್ಲೋರರ್ 6 ಬೇಕು ಅಂತ ಹಠ ಹಿಡಿಯುವ ಮೈಕ್ರೋಸಾಫ್ಟ್ ಮನಿ. ತನ್ನ ಒಳಗಿನ ಪುಟಗಳನ್ನು ತೋರಿಸಲು ಅದು ಎಕ್ಸ್‌ಪ್ಲೋರರ್‌ನ ಎಂಜಿನ್ ಬಳಸುತ್ತದೆ. ಎಕ್ಸ್‌ಪ್ಲೋರರ್ 2022ರಲ್ಲಿ ನಿವೃತ್ತವಾಗಿದ್ದರೂ ಆ ಎಂಜಿನ್ ವಿಂಡೋಸ್ ಒಳಗೆ ಇನ್ನೂ ಇದೆ. ಆರನೇ ಆವೃತ್ತಿಯನ್ನು ಹುಡುಕಿ ತಂದು ಹಾಕಲು ಹೋಗಬೇಡಿ, ಈಗಿನ ವಿಂಡೋಸ್‌ಗೆ ಅದು ಕೂರುವುದಿಲ್ಲ, ಜೊತೆಗೆ ಸಿಕ್ಕ ಸಿಕ್ಕ ತಾಣದಿಂದ ಇಳಿಸಿಕೊಂಡರೆ ವೈರಸ್ ಬೇರೆ.

ಮನಿ ಬಳಕೆದಾರರಿಗೆ ಒಂದು ಅನುಕೂಲ ಇದೆ. ಮೈಕ್ರೋಸಾಫ್ಟ್ 2009ರಲ್ಲಿ ಅದರ ಮಾರಾಟ ನಿಲ್ಲಿಸಿ, 2010ರಲ್ಲಿ ಮನಿ ಪ್ಲಸ್ ಸನ್‌ಸೆಟ್ ಎಂಬ ಆವೃತ್ತಿಯನ್ನು ಉಚಿತವಾಗಿ ಬಿಟ್ಟಿತು. ಅದಕ್ಕೆ ಆನ್‌ಲೈನ್ ಆಕ್ಟಿವೇಶನ್ ಬೇಕಿಲ್ಲ. ಹಳೆ ಸಿಡಿ ಹಾಕಿ, ಆಕ್ಟಿವೇಶನ್ ಸರ್ವರ್ ಸಿಗದೆ ಒದ್ದಾಡುವ ಬದಲು ಅದನ್ನೇ ಬಳಸಿ. ಎರಡು ಎಚ್ಚರಿಕೆ. ಹಳೆ ಫೈಲನ್ನು ಅದರಲ್ಲಿ ತೆರೆದರೆ ಫೈಲ್ ಹೊಸ ರೂಪಕ್ಕೆ ಬದಲಾಗುತ್ತದೆ, ಆಮೇಲೆ ಹಳೆ ಆವೃತ್ತಿಯಲ್ಲಿ ಅದು ತೆರೆಯದು. ಅದಕ್ಕೇ ಪೆನ್ ಡ್ರೈವ್ ಪ್ರತಿ ಮುಟ್ಟಬೇಡಿ ಅಂದದ್ದು. ಮತ್ತೆ, ಅದು ಅಮೆರಿಕದ ಆವೃತ್ತಿ. ಬೇರೆ ದೇಶಗಳಿಗೆಂದೇ ಮಾಡಿದ ಮನಿ ಆವೃತ್ತಿಗಳ ಫೈಲನ್ನು ನೇರವಾಗಿ ತೆರೆಯುವುದಿಲ್ಲ. ಫೈಲಿಗೆ ಪಾಸ್‌ವರ್ಡ್ ಬದಲು ಆನ್‌ಲೈನ್ ಖಾತೆಯ ಲಾಗಿನ್ ಕೊಟ್ಟಿದ್ದವರು ಹಳೆ ಕಂಪ್ಯೂಟರ್ ಇನ್ನೂ ಓಡುತ್ತಿದ್ದರೆ ಅಲ್ಲೇ ಅದನ್ನು ತೆಗೆದು ಮಾಮೂಲಿ ಪಾಸ್‌ವರ್ಡ್‌ಗೆ ಬದಲಿಸಿಕೊಂಡು ಆಮೇಲೆ ಫೈಲ್ ಸಾಗಿಸಿ. 2011ರ ಜನವರಿಗೇ ಮನಿಯ ಆನ್‌ಲೈನ್ ಸೇವೆಗಳು ಮುಗಿದಿವೆ, ಹೊಸ ಕಂಪ್ಯೂಟರ್‌ನಲ್ಲಿ ಆ ಲಾಗಿನ್ನನ್ನು ನಂಬಿಕೊಳ್ಳುವ ಹಾಗಿಲ್ಲ.

ಕ್ವಿಕನ್‌ನಲ್ಲಿ ಬೇರೆ ಥರದ ತಲೆನೋವು. ಹೊಸ ಆವೃತ್ತಿ ತುಂಬಾ ಹಳೆಯ ಫೈಲನ್ನು ಒಂದೇ ಜಿಗಿತಕ್ಕೆ ತೆರೆಯುವುದಿಲ್ಲ, ನಡುವೆ ಇನ್ನೊಂದು ಆವೃತ್ತಿಯಲ್ಲಿ ತೆರೆದು ಬದಲಿಸಿಕೊಂಡು ಬರಬೇಕಾಗುತ್ತದೆ. ಇನ್ನು ಸಿಡಿಯಿಂದ ಹಾಕಿದ್ದು ಬರೀ ಮೂಲ ಆವೃತ್ತಿ. ನೀವು ವರ್ಷಗಟ್ಟಲೆ ಬಳಸಿದ್ದು ಅದರ ಮೇಲೆ ಹಲವು ಅಪ್‌ಡೇಟ್ ಸೇರಿದ್ದನ್ನು. ಅಪ್‌ಡೇಟ್ ಆದ ಪ್ರೋಗ್ರಾಂ ಬರೆದ ಫೈಲನ್ನು ಸಿಡಿಯ ಮೂಲ ಆವೃತ್ತಿ ತೆರೆಯದೆ, ಇದು ಹೊಸ ಆವೃತ್ತಿಯ ಫೈಲ್ ಅಂತ ಹೇಳಿದರೆ ಫೈಲ್ ಹಾಳಾಗಿದೆ ಅಂತ ತಿಳಿಯಬೇಡಿ. ಹಳೆ ಅಪ್‌ಡೇಟ್ ಫೈಲ್ ನಿಮ್ಮ ಹಳೆ ಡಿಸ್ಕ್‌ನಲ್ಲಿ ಇದೆಯೇ ಅಂತ ಮೊದಲು ನೋಡಿ.

ಕ್ರ್ಯಾಕ್, ಪ್ಯಾಚ್ ಅಂತ ಸಿಗುವವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪೂರ್ತಿ ಹಣಕಾಸಿನ ವಿವರ ಇರುವ ಫೈಲಿನ ಪಕ್ಕದಲ್ಲಿ ಯಾರು ಬರೆದದ್ದೋ ಗೊತ್ತಿಲ್ಲದ ಪ್ರೋಗ್ರಾಂ ಕೂರಿಸುವುದು ಬೇಡ, ಅಷ್ಟೇ.

ಯಾವುದಕ್ಕೂ ಬಗ್ಗದಿದ್ದರೆ ವರ್ಚುವಲ್ ಮಷಿನ್. ವರ್ಚುವಲ್‌ಬಾಕ್ಸ್ ಉಚಿತ. ಅದರಲ್ಲಿ ವಿಂಡೋಸ್ ಎಕ್ಸ್‌ಪಿ ಅಥವಾ 7 ಹಾಕಿ, ಒಳಗೆ ಹಳೆ ಪ್ರೋಗ್ರಾಂ ಹಾಕಬಹುದು. ಆ ವಿಂಡೋಸ್‌ಗೆ ಲೈಸೆನ್ಸ್ ನಿಮ್ಮ ಹತ್ತಿರ ಇರಬೇಕು. ಹಳೆ ಕಂಪ್ಯೂಟರ್ ಇನ್ನೂ ಜೀವಂತ ಇದ್ದರೆ ಮೈಕ್ರೋಸಾಫ್ಟ್‌ನ ಡಿಸ್ಕ್2ವಿಎಚ್‌ಡಿ ಎಂಬ ಸಣ್ಣ ಸಾಧನದಿಂದ ಅದರ ಇಡೀ ಡಿಸ್ಕನ್ನು ವರ್ಚುವಲ್ ಡಿಸ್ಕ್ ಮಾಡಿಕೊಳ್ಳುವ ದಾರಿಯೂ ಇದೆ. ಆದರೆ ಕಂಪ್ಯೂಟರ್ ಜೊತೆಗೇ ಬಂದ ವಿಂಡೋಸ್‌ನ ಲೈಸೆನ್ಸ್ ಆ ಯಂತ್ರಕ್ಕೆ ಮಾತ್ರ ಕಟ್ಟಿರುತ್ತದೆ ಅನ್ನುವುದು ನೆನಪಿರಲಿ. ವರ್ಚುವಲ್ ಮಷಿನ್‌ನ ಸೆಟ್ಟಿಂಗ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರನ್ನು ಆಫ್ ಮಾಡಿಬಿಡಿ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ ಬೆಂಬಲ ನಿಂತಿದೆ. ಲೆಕ್ಕ ನೋಡಲು ಇಂಟರ್‌ನೆಟ್ ಬೇಕಾಗಿಲ್ಲವಲ್ಲ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಇದನ್ನೇ ಮುಂದೆ ಬಳಸಬಹುದೇ. ಬಳಸಬಹುದು, ಆದರೆ ನಾನಾದರೆ ಬಳಸುವುದಿಲ್ಲ. ವಿಂಡೋಸ್ 10ರ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮುಂದಿನ ಕಂಪ್ಯೂಟರ್ ಬಂದಾಗ ಇದೇ ರಾಮಾಯಣ ಮತ್ತೆ ಶುರು. ಈಗ ಕಷ್ಟಪಟ್ಟು ತೆರೆದುಕೊಂಡಿರುವ ಬಾಗಿಲಿನಿಂದ ಲೆಕ್ಕವನ್ನು ಹೊರಗೆ ತಂದುಬಿಡಿ.

ಹೊರಗೆ ತರಲು ಹಳೆ ಪ್ರೋಗ್ರಾಂಗಳಿಗೆಲ್ಲ ಗೊತ್ತಿರುವ ಭಾಷೆ ಕ್ಯೂಐಎಫ್. ಕ್ವಿಕನ್‌ಗಾಗಿ ಹುಟ್ಟಿದ್ದು, ಆಮೇಲೆ ಎಲ್ಲರೂ ಕಲಿತರು. ಅದೊಂದು ಬರೀ ಪಠ್ಯದ ಫೈಲ್, ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಬಹುದು. ಪ್ರತಿ ಸಾಲಿನ ಮೊದಲ ಅಕ್ಷರವೇ ಆ ಸಾಲು ಏನು ಅಂತ ಹೇಳುತ್ತದೆ. ಡಿ ಅಂದರೆ ದಿನಾಂಕ, ಟಿ ಅಂದರೆ ಮೊತ್ತ, ಪಿ ಅಂದರೆ ಯಾರಿಗೆ, ಎಂ ಅಂದರೆ ಟಿಪ್ಪಣಿ, ಎಲ್ ಅಂದರೆ ಯಾವ ಬಾಬ್ತು. ಒಂದು ನಮೂದು ಮುಗಿದಾಗ ^ ಚಿಹ್ನೆ. ಬಾಬ್ತಿನ ಜಾಗದಲ್ಲಿ ಚೌಕ ಆವರಣದೊಳಗೆ ಹೆಸರಿದ್ದರೆ ಅದು ಖರ್ಚಲ್ಲ, ನಿಮ್ಮದೇ ಇನ್ನೊಂದು ಖಾತೆಗೆ ಮಾಡಿದ ವರ್ಗಾವಣೆ.

ಹೀಗೆ ಸರಳವಾಗಿರುವುದರಿಂದಲೇ ಎರಡು ಕಡೆ ಕೈ ಕೊಡುತ್ತದೆ. ಮೊದಲನೆಯದು ದಿನಾಂಕ. 03/04 ಅಂದರೆ ಮಾರ್ಚ್ ನಾಲ್ಕೋ, ಏಪ್ರಿಲ್ ಮೂರೋ ಅಂತ ಫೈಲಿನಲ್ಲಿ ಎಲ್ಲೂ ಬರೆದಿರುವುದಿಲ್ಲ. ಕ್ವಿಕನ್ ಬರೆದ ಫೈಲ್‌ಗಳಲ್ಲಿ 2000ದ ನಂತರದ ವರ್ಷವನ್ನು 6/1'07 ಹೀಗೆ ಮೇಲ್ಗಡೆ ಒಂದು ಗೀಟು ಹಾಕಿ ಬರೆದಿರುವುದನ್ನೂ ಕಾಣುತ್ತೀರಿ. ಹೊಸ ಪ್ರೋಗ್ರಾಂ ದಿನಾಂಕದ ಕ್ರಮ ಕೇಳಿದಾಗ 12ಕ್ಕಿಂತ ದೊಡ್ಡ ದಿನ ಇರುವ ಒಂದು ನಮೂದನ್ನು ನೋಡಿ ತೀರ್ಮಾನಿಸಿ. ಎರಡನೆಯದು ವರ್ಗಾವಣೆ. ಉಳಿತಾಯ ಖಾತೆಯಿಂದ ಸಾಲದ ಖಾತೆಗೆ ಕಟ್ಟಿದ ಕಂತು ಎರಡೂ ಖಾತೆಗಳ ಫೈಲಿನಲ್ಲಿ ಇರುತ್ತದೆ. ಒಂದೊಂದೇ ಫೈಲ್ ಬೇರೆ ಬೇರೆ ದಿನ ಒಳಗೆ ಹಾಕಿದರೆ ಅದೇ ಕಂತು ಎರಡು ಸಲ ಸೇರಿಬಿಡಬಹುದು. ಗ್ನೂಕ್ಯಾಶ್ ಎಂಬ ಉಚಿತ ಪ್ರೋಗ್ರಾಂನಲ್ಲಿ ಹಲವು ಕ್ಯೂಐಎಫ್ ಫೈಲ್‌ಗಳನ್ನು ಒಂದೇ ಸಲಕ್ಕೆ ಸೇರಿಸಿ ಒಳಗೆ ತರಬಹುದು. ಹಾಗೆ ಮಾಡಿದರೆ ಅದು ಎರಡೂ ಬದಿಯ ವರ್ಗಾವಣೆಯನ್ನು ಹೊಂದಿಸಿಕೊಳ್ಳುತ್ತದೆ. ಮನಿಯಲ್ಲಿ ಎಕ್ಸ್‌ಪೋರ್ಟ್ ಒಂದೊಂದೇ ಖಾತೆಯಾಗಿ ಮಾಡಬೇಕು. ಬೇಸರದ ಕೆಲಸ, ಆದರೆ ಒಂದೇ ಸಲದ್ದು. ಷೇರು, ಮ್ಯೂಚುವಲ್ ಫಂಡ್ ಖಾತೆಗಳನ್ನು ಕೊನೆಗೆ ಇಟ್ಟುಕೊಳ್ಳಿ, ಅವು ಸಲೀಸಾಗಿ ಬರುವುದು ಕಡಿಮೆ. ಎಷ್ಟೋ ಸಲ ಇಂದಿನ ಷೇರುಗಳ ಸಂಖ್ಯೆಯನ್ನು ಆರಂಭದ ಶಿಲ್ಕಾಗಿ ಹಾಕಿಕೊಂಡು ಮುಂದೆ ಹೋಗುವುದೇ ವಾಸಿ.

ಬಂದದ್ದು ಸರಿಯೇ ಅಂತ ತಿಳಿಯಲು ಪ್ರತಿ ಖಾತೆಯ ಅಖೈರು ಶಿಲ್ಕನ್ನು ಹಳೆಯದರ ಜೊತೆ ಹೋಲಿಸಿ. ಕೊನೆಯದು ಮಾತ್ರ ಅಲ್ಲ, ಪ್ರತಿ ವರ್ಷದ ಡಿಸೆಂಬರ್ 31ರದ್ದನ್ನೂ ಹೋಲಿಸಿ. ವ್ಯತ್ಯಾಸ ಬಂದರೆ ಯಾವ ವರ್ಷದಲ್ಲಿ ಮೊದಲು ಬಂತು ಅಂತ ತಕ್ಷಣ ಗೊತ್ತಾಗುತ್ತದೆ. ವ್ಯತ್ಯಾಸದ ಮೊತ್ತವೇ ಒಂದು ವರ್ಗಾವಣೆಗೆ ಸಮವಾಗಿದ್ದರೆ ಅದು ಎರಡು ಸಲ ಸೇರಿದೆ, ಇಲ್ಲವೇ ಸೇರೇ ಇಲ್ಲ.

ಹಳೆ ಪ್ರೋಗ್ರಾಂ ತೆರೆದಿರುವಾಗಲೇ ಇನ್ನೊಂದು ಕೆಲಸ. ವರ್ಷವಾರು ಖರ್ಚಿನ ವರದಿ ಮತ್ತು ಪ್ರತಿ ಖಾತೆಯ ಪೂರ್ತಿ ರಿಜಿಸ್ಟರನ್ನು ಪ್ರಿಂಟ್ ಕೊಟ್ಟು, ಪ್ರಿಂಟರ್ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್ ಆರಿಸಿ ಪಿಡಿಎಫ್ ಮಾಡಿಟ್ಟುಕೊಳ್ಳಿ. ರಿಜಿಸ್ಟರ್ ಅಗಲವಾಗಿರುತ್ತದೆ, ಪುಟವನ್ನು ಅಡ್ಡಲಾಗಿ ಇಟ್ಟುಕೊಳ್ಳದಿದ್ದರೆ ಟಿಪ್ಪಣಿಯ ಕಾಲಂ ಕತ್ತರಿಸಿಹೋಗುತ್ತದೆ.